ಅವಳಿಗೊಂದು ಪರದೆ

ಹಸಿರು ಹತ್ತಿ ಬಟ್ಟೆ, ಅಂಚಿಗೆ ಕಪ್ಪು ಗೆರೆ. ನಮ್ಮ ವಿಭಾಗದ ಅಟೆಂಡರ್ ಏಣಿ ಹತ್ತಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು ಆ ಪರದೆ ಕಟ್ಟುತ್ತಿದ್ದಾಗ ಕೆಳಗೆ ಏಣಿ ಹಿಡಿದು ನಿಂತವಳು ನಾನೇ. ಬೇಕಾದ್ದಕ್ಕಿಂತ ಬಿಗಿಯಾಗಿಯೇ ಹಿಡಿದಿದ್ದೆ. ಹೆದರಬೇಡಿ ಮೇಡಂ, ಬೀಳುವುದಿಲ್ಲ ಎಂದು ಅವನು ಮೇಲಿನಿಂದ ಸಮಾಧಾನ ಹೇಳಿದ. ಅವನು ಬಿದ್ದಾನು ಎಂಬ ಹೆದರಿಕೆ ನನಗಿರಲಿಲ್ಲ. ನನಗಿದ್ದದ್ದು ಶುದ್ಧ ಹೊಟ್ಟೆಕಿಚ್ಚು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಉಡುಪಿಯ ಕಡೆಯ ಒಂದು ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ನಾನು ಡೆಮಾನ್‌ಸ್ಟ್ರೇಟರ್ ಆಗಿದ್ದೆ, ಲೆಕ್ಚರರಿಗಿಂತ ಒಂದು ಮೆಟ್ಟಿಲು ಕೆಳಗೆ. ಯಾವ ಕಾಲೇಜು ಎಂದು ಕೇಳಬೇಡಿ, ಆಗಿನವರಲ್ಲಿ ಕೆಲವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಮಣಿಪಾಲದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಶನಿವಾರ ಮಧ್ಯಾಹ್ನ ಕಾರ್ಕಳದ ಬಸ್ಸು ಹತ್ತಿ ಅಮ್ಮನ ಮನೆಗೆ ಹೋದರೆ ಸೋಮವಾರ ಬೆಳಿಗ್ಗೆ ವಾಪಸು. ಇಡೀ ವಿಭಾಗಕ್ಕೆ ನಾನೊಬ್ಬಳೇ ಹೆಂಗಸು, ನಾನೊಬ್ಬಳೇ ಜೈನಳು. ಗಂಡಸರು ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿದರೆ ಮೀನಿನ ಘಮ ವರಾಂಡದವರೆಗೆ ಬರುತ್ತಿತ್ತು. ನಾನು ಸ್ಪೆಸಿಮನ್ ರೂಮಿನಲ್ಲಿ ಕೂರುತ್ತಿದ್ದೆ, ಜಾಡಿಯೊಳಗಿನ ಹಾವು, ಚೇಳು, ಶಾರ್ಕಿನ ಮರಿಗಳ ನಡುವೆ. ಆ ಫಾರ್ಮಲಿನ್ ವಾಸನೆಯ ಎದುರು ನನ್ನ ಅಮ್ಮನ ಮಿಡಿ ಉಪ್ಪಿನಕಾಯಿಯೂ ಸೋಲುತ್ತಿತ್ತು. ಬಾಗಿಲಿಲ್ಲದ ಕೋಣೆ. ಹೋಗುವವರು ಬರುವವರು ಇಣುಕಿ, ಊಟ ಆಯಿತಾ ಮೇಡಂ ಎಂದು ಕೇಳುವವರು. ಐದು ವರ್ಷ ಹಾಗೆ ಉಂಡೆ. ಅಲ್ಲೊಂದು ಬಟ್ಟೆ ಕಟ್ಟಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಅವಳು ಕಾಪುವಿನಿಂದ ಬಂದಳು. ಬ್ಯಾರಿ ಮನೆಯ ಹುಡುಗಿ, ತಂದೆಗೆ ಪೇಟೆಯಲ್ಲಿ ಬಟ್ಟೆಯಂಗಡಿ. ತಲೆಯ ಮೇಲಿನ ಸೆರಗು ಜಾರದಂತೆ ಪಿನ್ನು ಚುಚ್ಚಿಕೊಂಡು, ಎರಡನೆಯ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ ದಿನವೇ ವಿಭಾಗದ ಮುಖ್ಯಸ್ಥರ ಮುಂದೆ ನಿಂತು, ಮಧ್ಯಾಹ್ನ ನಮಾಜಿಗೆ ನನಗೊಂದು ಜಾಗ ಬೇಕಿತ್ತು ಸರ್ ಎಂದಳು. ಕೇಳಿದ್ದು ಹಾಗೆ, ಬಸ್ಸಿನಲ್ಲಿ ಸ್ವಲ್ಪ ಆಚೆ ಕೂತುಕೊಳ್ಳಿ ಎನ್ನುವಷ್ಟು ಸಲೀಸಾಗಿ. ನಾನು ಪಕ್ಕದ ಮೇಜಿನಲ್ಲಿ ಸ್ಲೈಡ್ ಒರೆಸುತ್ತಿದ್ದೆ. ಈಗ ಸಿಗುತ್ತದೆ ಇವಳಿಗೆ ಎಂದು ಕಿವಿ ನಿಮಿರಿಸಿದೆ. ಮುಖ್ಯಸ್ಥರು ಒಂದು ಗಳಿಗೆ ಕನ್ನಡಕ ತೆಗೆದು ಹಾಕಿಕೊಂಡು, ಧಾರಾಳ, ಸ್ಪೆಸಿಮನ್ ರೂಮಿನ ಮೂಲೆ ಉಂಟಲ್ಲ, ಗುಡಿಸಿ ಪರದೆ ಕಟ್ಟಿಸುವ ಎಂದುಬಿಟ್ಟರು.

ನನ್ನ ಮೂಲೆ ಅದು.

ಯಾಕೆ ಇಷ್ಟು ಉರಿಯಿತು ಎಂಬುದಕ್ಕೆ ಕಪ್ಪೆಯ ವಿಷಯ ಹೇಳಬೇಕು. ನಾನು ಸೇರಿದ ಹೊಸದರಲ್ಲಿ ಇದೇ ಮುಖ್ಯಸ್ಥರ ಮುಂದೆ ನಿಂತು ನಾನೂ ಒಂದು ಮಾತು ಕೇಳಿದ್ದೆ. ಕಪ್ಪೆ ಕೊಯ್ದು ತೋರಿಸುತ್ತೇನೆ ಸರ್, ಕೊಲ್ಲುವುದೊಂದನ್ನು ಅಟೆಂಡರ್ ಮಾಡಲಿ ಎಂದು. ತಲೆಯ ಹಿಂದೆ ಸೂಜಿ ಚುಚ್ಚಿ ಕೊಲ್ಲಬೇಕಿತ್ತು. ಇರುವೆ ಸಾಲು ಕಂಡರೆ ದಾರಿ ಬಿಟ್ಟು ನಡೆಯುವ ಮನೆಯಲ್ಲಿ ಬೆಳೆದವಳು ನಾನು. ಅವರು ಜೋರಾಗಿ ನಕ್ಕು, "ನಿಮ್ಮ ಬಸದಿಯಲ್ಲಿ ಕಪ್ಪೆ ಕೊಯ್ಯಲಿಕ್ಕಿಲ್ಲ, ನನ್ನ ಲ್ಯಾಬಿನಲ್ಲಿ ವ್ರತ ಮಾಡಲಿಕ್ಕಿಲ್ಲ, ಲೆಕ್ಕ ಸರಿಯಾಯಿತಲ್ವಾ?" ಎಂದಿದ್ದರು. ಆ ಮಾತು ವಿಭಾಗದಲ್ಲೆಲ್ಲ ಓಡಾಡಿತು. ನಮ್ಮಲ್ಲೊಬ್ಬರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಲೆಕ್ಚರರ್ ಇದ್ದರು. ಕೆಟ್ಟವರಲ್ಲ, ಕ್ರಿಸ್ಮಸ್ಸಿಗೆ ನನಗೆಂದೇ ಮೊಟ್ಟೆಯಿಲ್ಲದ ತಿಂಡಿ ಹೊಂಚಿ ತರುತ್ತಿದ್ದರು. ಆದರೆ ನಾಲಿಗೆಗೆ ಲಗಾಮಿಲ್ಲ. ಕಪ್ಪೆಯ ಡಬ್ಬಿ ಬಂದ ದಿನವೆಲ್ಲ, ಮೇಡಂ, ಇವಕ್ಕೆ ಮೋಕ್ಷ ಯಾವಾಗ ಎನ್ನುತ್ತಿದ್ದರು. ಒಂದು ತಿಂಗಳು ತಡೆದೆ. ಆಮೇಲೆ ಸೂಜಿ ಹಿಡಿದೆ. ಹಿಡಿದ ಮೇಲೆ ಎಲ್ಲರಿಗಿಂತ ಚೆನ್ನಾಗಿ ಹಿಡಿದೆ, ಅದು ನನ್ನ ಗುಣ.

ಇನ್ನೊಂದು ಊಟದ್ದು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಪಾತ್ರೆ ತೊಳೆದು ಕವುಚಿಟ್ಟಾಗಿರುತ್ತದೆ. ವಿಭಾಗದವರು ಪರೀಕ್ಷೆ ಮುಗಿದಾಗ, ವಿಶ್ವವಿದ್ಯಾಲಯದ ಪರೀಕ್ಷಕರು ಬಂದಾಗ, ಯಾರಿಗಾದರೂ ಬಡ್ತಿ ಸಿಕ್ಕಿದಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಬ್ರಾಹ್ಮಣರ ಸಸ್ಯಾಹಾರಿ ಹೋಟೆಲಿನಲ್ಲಿ ರಾತ್ರಿ ಊಟ ಮಾಡುತ್ತಿದ್ದರು. ಮೊದಮೊದಲು ನಾನು ಹೋಗಲಿಲ್ಲ. ಸ್ವಲ್ಪ ಸಮಯದಲ್ಲೇ ಒಂದು ವಿಷಯ ತಿಳಿಯಿತು: ಯಾರಿಗೆ ಯಾವ ತರಗತಿ, ಯಾವ ಹುದ್ದೆ ಖಾಲಿಯಾಗುತ್ತದೆ, ಯಾರ ಹೆಸರು ಮುಂದೆ ಹೋಗುತ್ತದೆ, ಎಲ್ಲ ತೀರ್ಮಾನವಾಗುವುದು ಸಾರಿನ ಮೇಲೆ ಹಪ್ಪಳ ಮುರಿಯುವಾಗ. ಆಫೀಸಿನಲ್ಲಿ ಆಗುವುದು ಬರೀ ಸಹಿ. ನಾನೂ ಹೋಗಿ ಎಲೆಯ ಮುಂದೆ ಕೂತೆ. ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ, ಎರಡನೆಯದು ಇಳಿಯಿತು. ಕಾರ್ಕಳದಲ್ಲಿ ಅಮ್ಮನ ಜೊತೆ ಹಗಲೂಟದವಳು, ಉಡುಪಿಯಲ್ಲಿ ರಾತ್ರಿಯೂಟದವಳು. ಎರಡು ದೋಣಿಯಲ್ಲಿ ಕಾಲಿಟ್ಟವಳ ಅವಸ್ಥೆ ಹೇಗಿರುತ್ತದೋ ಹಾಗಿದ್ದೆ. ಆದರೂ ಬಿದ್ದಿರಲಿಲ್ಲ.

ಹೀಗೆ ಒಂದೊಂದನ್ನೇ ಬಿಟ್ಟು ಒಳಗೆ ಬಂದವಳು ನಾನು. ಅವಳೋ ತಲೆಯ ಮೇಲಿನ ಸೆರಗಿನ ಸಮೇತ, ನಮಾಜಿನ ಚಾಪೆಯ ಸಮೇತ ನೇರ ಬಂದಳು. ಬಾಗಿಲು ತೆರೆದದ್ದಷ್ಟೇ ಅಲ್ಲ, ಪರದೆಯನ್ನೂ ಕಟ್ಟಿಸಿಕೊಟ್ಟರು. ಇದು ಯಾವ ನ್ಯಾಯ? ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ನಾನು ಅವರಿಗೆ ನಮ್ಮವಳೇ, ತುಳು ಮಾತಾಡುವ, ಕುಂಕುಮ ಇಡುವ, ತೆಂಗಿನಕಾಯಿ ಒಡೆಯುವವಳು. ಹಿತ್ತಲ ಗಿಡ ಮದ್ದಲ್ಲ. ಅವಳು ಹೊರಗಿನವಳು, ಹೆಚ್ಚುಕಡಿಮೆಯಾದರೆ ನಾಲ್ಕು ಮಂದಿ ಏನೆಂದಾರು ಎಂಬ ಅಳುಕು. ನಮ್ಮವರಿಗೆ ಯಾರಾದರೂ ಪರದೆ ಕಟ್ಟುತ್ತಾರೆಯೇ?

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಕಾದೆ. ಇಂದಲ್ಲ ನಾಳೆ ಇವಳನ್ನೂ ಗೇಲಿ ಮಾಡುತ್ತಾರೆ, ಇವಳೂ ಏನಾದರೊಂದು ಬಿಡುತ್ತಾಳೆ ಎಂದು. ಆರು ತಿಂಗಳಾದರೂ ಅವಳು ಒಂದು ಪಿನ್ನನ್ನೂ ಬಿಡಲಿಲ್ಲ. ಅವಳು ಪರದೆಯ ಹಿಂದಿರುವಾಗ ನಾನು ಬುತ್ತಿ ಹಿಡಿದು ಹೊರಗೆ ಕಾಯುತ್ತಿದ್ದೆ. ಮುಗಿಸಿ ಬಂದು, ಬನ್ನಿ ಅಕ್ಕ, ಈಗ ನಿಮ್ಮ ಸರದಿ ಎಂದು ಪರದೆ ಸರಿಸಿ ಹಿಡಿಯುವಳು. ಬೇಕಾದರೆ ನೀವೂ ಮುಚ್ಚಿಕೊಳ್ಳಿ ಎಂದೂ ಹೇಳಿದ್ದುಂಟು. ಅವಳ ಪರದೆಯನ್ನು ನಾನು ಯಾಕೆ ಮುಚ್ಚಿಕೊಳ್ಳಲಿ, ತೆರೆದಿಟ್ಟೇ ಉಂಡೆ. ಮಣಿಪಾಲದ ಮನೆಯೊಡತಿಯ ಹತ್ತಿರ, ಕಾರ್ಕಳದಲ್ಲಿ ಅಮ್ಮನ ಹತ್ತಿರ, ಯಾರು ಸಿಕ್ಕಿದರೂ ನನ್ನದು ಒಂದೇ ಮಾತು: "ಅವಳಿಗೆಂತ, ಪರದೆ ಕಟ್ಟಿಸಿಕೊಟ್ಟಿದ್ದಾರೆ."

ಬರುವ ಜೂನಿಗೆ ಒಬ್ಬ ಲೆಕ್ಚರರ್ ನಿವೃತ್ತರಾಗುವವರಿದ್ದರು. ಆ ಜಾಗ ನನ್ನದು ಎಂದು ನಾನು ಐದು ವರ್ಷದಿಂದ ಕಾದಿದ್ದೆ. ಈಗ ಇಬ್ಬರಾದೆವು. ಅವಳು ಸಂಜೆ ನಾಲ್ಕೂವರೆಯ ಬಸ್ಸಿಗೆ ಕಾಪುವಿಗೆ ಹೋಗಿಬಿಡುತ್ತಿದ್ದಳು, ರಾತ್ರಿಯ ಹೋಟೆಲಿನ ಊಟಕ್ಕೆ ಇರುತ್ತಿರಲಿಲ್ಲ. ಅದೊಂದು ನನಗೆ ಧೈರ್ಯ. ಆ ಎಲೆಯ ಮುಂದಾದರೂ ನಾನು ಒಬ್ಬಳೇ ಹೆಂಗಸು.

ದಸರಾ ರಜೆ ಮುಗಿದ ವಾರ ವಿಭಾಗದವರು ಕಾಪುವಿನ ಕಡಲಿಗೆ ಹೊರಟೆವು. ಹುಣ್ಣಿಮೆಯ ಸಂಜೆ ನೀರು ಬಹಳ ಹಿಂದೆ ಸರಿಯುತ್ತದೆ, ದೀಪಸ್ತಂಭದ ಬಂಡೆಗಳ ಸಂದಿಯಲ್ಲಿ ನಿಂತ ನೀರಿನಿಂದ ವಿದ್ಯಾರ್ಥಿಗಳು ಜೀವಿಗಳನ್ನು ಹುಡುಕಿ ತೆಗೆಯಬೇಕು. ರಂಜಾನ್ ತಿಂಗಳು. ಕೆಲಸ ಮುಗಿಸಿ ಮೇಷ್ಟ್ರುಗಳೆಲ್ಲ ನಮ್ಮ ಮನೆಗೆ ಬಂದು, ಸಂಜೆ ಉಪವಾಸದ ನೋಂಬು ಬಿಡುವ ಹೊತ್ತಿಗೆ ಇರಬೇಕು ಎಂದು ಅವಳು ಮೊದಲೇ ಕರೆದಿದ್ದಳು. ಮುಖ್ಯಸ್ಥರು ಮನೆಯ ಹೊರಗೆ ಬ್ರಾಹ್ಮಣರ ಅಡುಗೆಯನ್ನಲ್ಲದೆ ಬೇರೆ ಮುಟ್ಟದವರು. ಆದರೂ ಹಣ್ಣಿಗೆ ಮೈಲಿಗೆ ಇಲ್ಲ, ಬರುತ್ತೇನೆ ಎಂದರು. ಅದಕ್ಕೂ ನನಗೆ ಉರಿಯಿತು. ನನ್ನ ಕಾರ್ಕಳದ ಮನೆಗೆ ಬನ್ನಿ ಎಂದು ಎಷ್ಟು ಸಲ ಕರೆದಿದ್ದೆ, ನೋಡುವ ನೋಡುವ ಎಂದು ಐದು ವರ್ಷ ನೋಡಿದರು.

ಬಂಡೆಯ ಮೇಲೆ ಅವಳು ನಡೆದದ್ದು ನೋಡಬೇಕಿತ್ತು. ಕಾಪುವಿನವಳೆಂದು ಹೆಸರು, ಕಡಲಿಗೆ ಇಳಿದವಳೇ ಅಲ್ಲ. ಪಾಚಿಯ ಮೇಲೆ ಜಾರಿ ಎರಡು ಬಾರಿ ಕೂತಳು. ಕಡಲ ಸೌತೆ, ಏಡಿ, ನಕ್ಷತ್ರ ಮೀನು ಎಂದು ಜಾಡಿ ತುಂಬಿಸಿಕೊಟ್ಟವಳು ನಾನು. ಮುಖ್ಯಸ್ಥರು ದಡದಿಂದಲೇ, ಉಪವಾಸ ಇದ್ದುಕೊಂಡು ಆ ಹುಡುಗಿಗೆ ಎಷ್ಟು ಆಸಕ್ತಿ ನೋಡಿ ಎಂದರು. ನಾನು ಏಡಿಯನ್ನು ಸ್ವಲ್ಪ ಜೋರಾಗಿಯೇ ಜಾಡಿಗೆ ಹಾಕಿದೆ.

ವಿದ್ಯಾರ್ಥಿಗಳನ್ನೂ ಜಾಡಿಗಳನ್ನೂ ಅಟೆಂಡರನ ಜೊತೆ ಬಸ್ಸು ಹತ್ತಿಸಿ, ಮುಖ್ಯಸ್ಥರು, ಕೊಂಕಣಿ ಲೆಕ್ಚರರ್ ಮತ್ತು ನಾನು ಅವಳ ಮನೆಗೆ ಹೋದೆವು. ಹೊತ್ತು ಇನ್ನೂ ತೆಂಗಿನ ಮರದೆತ್ತರ ಇತ್ತು. ಗಂಡಸರಿಬ್ಬರೂ ಚಾವಡಿಯಲ್ಲಿ ಅವಳ ತಂದೆಯ ಜೊತೆ ಕೂತರು. ಅವಳು ನನ್ನ ಕೈ ಹಿಡಿದು, "ಅಕ್ಕ, ನೀವು ಬೇಗ ಒಳಗೆ ಬನ್ನಿ, ಹೊತ್ತಾಗುತ್ತದೆ" ಎಂದು ಅಡುಗೆಮನೆಗೇ ಕರೆದುಕೊಂಡು ಹೋದಳು.

ಅಲ್ಲಿ ಬಾಳೆಲೆ ಹಾಕಿತ್ತು. ಒಂದೇ ಎಲೆ. ಪಕ್ಕದಲ್ಲಿ ಹೊಸ ಮಣ್ಣಿನ ಮಡಕೆ, ಇನ್ನೂ ಮಸಿ ಹಿಡಿಯದ್ದು. ಅವಳ ತಾಯಿ ಅದರಿಂದ ಕುಚ್ಚಲಕ್ಕಿ ಅನ್ನ ಬಡಿಸಿ, ಹೆಸರುಕಾಳಿನ ಸಾರು ಬಡಿಸಿ, ತೊಂಡೆಕಾಯಿ ಪಲ್ಯ ಬಡಿಸಿದರು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ನೆಲದೊಳಗೆ ಬೆಳೆದದ್ದು ಒಂದೂ ಇಲ್ಲ. ತುಳುವಿನಲ್ಲಿ ಮಾತಾಡಿದರು. ಅವರ ತವರು ಕಾರ್ಕಳದ ಹತ್ತಿರವಂತೆ, ನೆರೆಮನೆ ಜೈನರದ್ದಂತೆ, ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಒಲೆ ಉರಿಯುವುದನ್ನು ಕಂಡದ್ದೇ ಇಲ್ಲವಂತೆ. ಲೋಟ ಮುಂದಿಟ್ಟು, "ನೀರು ಸೋಸಿದ್ದೇನೆ ಟೀಚರ್. ಬಟ್ಟೆಯನ್ನು ಬಾವಿಗೇ ಜಾಲಾಡಿದ್ದೇನೆ" ಎಂದರು.

ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳು ಸಾಯದ ಹಾಗೆ ಅದನ್ನು ತಿರುಗಿ ಬಾವಿಯ ನೀರಿನಲ್ಲೇ ಜಾಲಾಡುವುದು ನಮ್ಮ ಅಮ್ಮ ಮಾಡುವ ಕೆಲಸ. ನಾನು ಬಿಟ್ಟು ಎಷ್ಟೋ ಕಾಲವಾಗಿತ್ತು. ಬೆಳಗಿನಿಂದ ಒಂದು ಗುಟುಕು ನೀರು ಕುಡಿಯದ ಹೆಂಗಸು ನನಗಾಗಿ ಅದನ್ನು ಮಾಡಿದ್ದರು. ಮಗಳು ರಾತ್ರಿಯ ಊಟಗಳಿಗೆ ಬಂದವಳಲ್ಲವಾದ್ದರಿಂದ ನಾನು ಅಲ್ಲಿ ಎಷ್ಟು ಹೊತ್ತಿಗೆ ಉಣ್ಣುತ್ತೇನೆ ಎಂಬುದು ಈ ಮನೆಗೆ ಗೊತ್ತಿರಲಿಲ್ಲ. ಹೇಳಿಬಿಡಲೇ ಎಂದುಕೊಂಡೆ. ಹೇಳಿದ್ದರೆ ಆಮೇಲೆ ಎಲ್ಲರ ಜೊತೆ ಕೂರಬಹುದಿತ್ತು. ಆದರೆ ಅವರು ಹಿಂಬಾಗಿಲಿಗೆ ಹೋಗಿ ಬಂದು, ಇನ್ನೂ ಹೊತ್ತಿದೆ, ನಿಧಾನ ಉಣ್ಣಿ ಎನ್ನುತ್ತಿದ್ದರು. ಮತ್ತೆ ಹೋಗಿ ನೋಡುವರು. ಆ ಮನೆಯವರೆಲ್ಲ ಯಾವಾಗ ಮುಳುಗೀತು ಎಂದು ಕಾಯುತ್ತಿದ್ದ ಸೂರ್ಯ, ನನ್ನೊಬ್ಬಳ ಊಟ ಮುಗಿಯುವವರೆಗೆ ಮುಳುಗಬಾರದಾಗಿತ್ತು. ಹಸಿದವರ ಎದುರು ನಾನು ಉಂಡೆ. ಎಷ್ಟೋ ವರ್ಷದ ಮೇಲೆ ಅಷ್ಟು ರುಚಿಯಾಗಿ ಉಂಡೆ, ಅದನ್ನು ಸುಳ್ಳು ಹೇಳಲಾರೆ.

ಕೈ ತೊಳೆದು ಬಂದು ಚಾವಡಿಗೂ ಒಳಮನೆಗೂ ನಡುವಿನ ಹೊಸ್ತಿಲ ಬಳಿ ಕೂತೆ. ಮಸೀದಿಯಿಂದ ಬಾಂಗ್ ಕೇಳಿಸಿತು. ಚಾವಡಿಯಲ್ಲಿ ತಂದೆ ಖರ್ಜೂರದ ತಟ್ಟೆ ಹಿಡಿದರು. ಮುಖ್ಯಸ್ಥರು ಒಂದನ್ನು ತೆಗೆದು, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ಕೊಂಕಣಿ ಲೆಕ್ಚರರ್ ಎರಡು ತೆಗೆದುಕೊಂಡರು. ಒಳಗೆ ತಾಯಿ ಮಗಳು ಒಂದೇ ತಟ್ಟೆಗೆ ಕೈ ಹಾಕಿ, ಬಾಯಲ್ಲಿ ಏನೋ ಹೇಳಿಕೊಂಡು ಖರ್ಜೂರ ಕಚ್ಚಿದರು, ನೀರು ಕುಡಿದರು. ಮಗಳ ಗಲ್ಲದ ಮೇಲೆ ಇಳಿದ ನೀರನ್ನು ತಾಯಿ ಸೆರಗಿನಿಂದ ಒರೆಸಿದರು. ಅಕ್ಕಿರೊಟ್ಟಿಯಂಥ ಪತ್ತಿರ್ ಬಂತು, ಸಾರು ಬಂತು, ಹಣ್ಣು ಬಂತು. ಆ ಕಡೆಯವರೂ ತಿನ್ನುತ್ತಿದ್ದರು, ಈ ಕಡೆಯವರೂ ತಿನ್ನುತ್ತಿದ್ದರು. ಹೊಟ್ಟೆ ತುಂಬಿದ ನಾನು ನಡುವೆ ಕೂತು ಒಂದು ಖರ್ಜೂರಕ್ಕೆ ಹಂಬಲಿಸುತ್ತಿದ್ದೆ. ಮಡಿಯ ಮುಖ್ಯಸ್ಥರಿಗೂ ಸಿಕ್ಕಿದ್ದು ನನಗೆ ಸಿಗಲಿಲ್ಲವಲ್ಲ, ಅದೂ ನಾನು ಪಾಲಿಸದ ವ್ರತದಿಂದಾಗಿ!

ಆಗ ಕೊಂಕಣಿ ಲೆಕ್ಚರರ್ ನನ್ನ ಖಾಲಿ ಕೈ ನೋಡಿದರು. "ಎಂತ ಮಾರಾಯ್ರೆ, ಮೇಡಮಿಗೆ ಕೊಡಲಿಲ್ವಾ? ಅವರು ನಮ್ಮ ಜೊತೆ ರಾತ್ರಿ ಒಂಬತ್ತಕ್ಕೂ ಊಟ ಮಾಡುತ್ತಾರೆ" ಎಂದರು, ಎಲ್ಲರಿಗೂ ಕೇಳುವ ಹಾಗೆ.

 ಹೊಸ ಮಡಕೆ, ಸೋಸಿದ ನೀರು, ಹಿಂಬಾಗಿಲಿಗೆ ನಡೆದ ನಡೆ ಎಲ್ಲ ನನ್ನ ಮುಖಕ್ಕೆ ಬಡಿದವು. ಅವಳ ತಾಯಿ ತಿನ್ನುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಸಿಟ್ಟಿಲ್ಲ, ಆಶ್ಚರ್ಯವೂ ಇರಲಿಲ್ಲ. ನನಗೊಬ್ಬಳಿಗೆ ಕೇಳುವಷ್ಟೇ ಸ್ವರದಲ್ಲಿ ಹೇಳಿದರು.

"ಅಲ್ಲಿ ಹಾಗೆ ಮಾಡಬೇಕಾಗಿ ಬಂದಿರಬಹುದು ಟೀಚರ್. ಇಲ್ಲಿ ಹಾಗೆ ಮಾಡಬೇಕೆಂದಿಲ್ಲ."

ಅಷ್ಟೇ. ಮತ್ತೆ ಮಗಳ ತಟ್ಟೆಗೆ ಪತ್ತಿರ್ ಹಾಕಿದರು. ಇವಳಿಗೆ ಮುಖ್ಯಸ್ಥರ ಮುಂದೆ ನಿಂತು ಕೇಳುವ ಧೈರ್ಯ ಎಲ್ಲಿಂದ ಬಂತು ಎಂದು ಆರು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಬಂದದ್ದು ಈ ಅಡುಗೆಮನೆಯಿಂದ. ಆಗ ಹುಟ್ಟಿದ ಹೊಟ್ಟೆಕಿಚ್ಚಿನ ಮುಂದೆ ಪರದೆಯದ್ದು ಏನೂ ಅಲ್ಲ.

ಬಸ್ಸಿನವರೆಗೆ ಅವಳೂ ತಂದೆಯೂ ಬಂದರು. ಗಂಡಸರು ಮುಂದೆ, ನಾವಿಬ್ಬರು ಹಿಂದೆ. ಹುಣ್ಣಿಮೆ ಮೇಲೆ ಬಂದಿತ್ತು. ಅವಳು ಕಾಗದದಲ್ಲಿ ಸುತ್ತಿದ ಪುಟ್ಟ ಪೊಟ್ಟಣ ನನ್ನ ಕೈಗಿಟ್ಟು, ಬೆಳಗಾದ ಮೇಲೆ ತಿನ್ನಬೇಕಂತೆ, ಅಮ್ಮ ಕೊಟ್ಟದ್ದು ಎಂದಳು. ಖರ್ಜೂರ ಎಂದು ಮುಟ್ಟಿದಾಗಲೇ ಗೊತ್ತಾಯಿತು. ನನಗೆ ತಡೆಯಲಿಕ್ಕಾಗಲಿಲ್ಲ, ನಿನ್ನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ ಮಾರಾಯ್ತಿ ಎಂದು ಹೇಳಿಯೇಬಿಟ್ಟೆ. ತಮಾಷೆಯೆಂದು ತಿಳಿದು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ.

"ನನಗೂ ನಿಮ್ಮ ಮೇಲೆ ಹಾಗೇ ಅಕ್ಕ," ಎಂದಳು. "ನಿಮ್ಮನ್ನು ಅವರು ಊಟಕ್ಕೆ ಕರೆಯುತ್ತಾರೆ. ನನ್ನನ್ನು ಒಂದು ಸಲವೂ ಕರೆದಿಲ್ಲ."

ಬಸ್ಸಿನ ಹೊತ್ತಲ್ವಾ ನಿನಗೆ ಎಂದೆ. ಕರೆದಿದ್ದರೆ ಅಪ್ಪನೇ ಬಂದು ಕೂತು, ಮುಗಿದ ಮೇಲೆ ಕರೆದುಕೊಂಡು ಬರುತ್ತಿದ್ದರು ಎಂದಳು. ಅಷ್ಟರಲ್ಲಿ ಬಸ್ಸು ಬಂತು.

ಉಡುಪಿಯಲ್ಲಿ ಇಳಿದಾಗ ಮುಖ್ಯಸ್ಥರಿಗೆ ಹಸಿವು. ಹಣ್ಣು ತಿಂದರೆ ಹೊಟ್ಟೆ ತುಂಬುತ್ತದಾ, ಬನ್ನಿ, ಊಟ ಮಾಡಿಯೇ ಹೋಗುವ, ಜೂನಿನ ಹುದ್ದೆಯ ವಿಷಯ ಸ್ವಲ್ಪ ಮಾತಾಡಲಿಕ್ಕುಂಟು ಎಂದು ನನ್ನ ಕಡೆ ನೋಡಿ ಹೇಳಿದರು. ಐದು ವರ್ಷದಿಂದ ಈ ಮಾತಿಗೇ ನಾನು ಕಾದಿದ್ದೆ. ಹೋದೆ. ಅದೇ ಹೋಟೆಲು, ಅದೇ ಮೂಲೆಯ ಮೇಜು. ಗಂಡಸರಿಬ್ಬರೂ ಕೈ ತೊಳೆದು ಬಂದರು. ಮಾಣಿ ಮೂರು ಎಲೆ ಹಿಡಿದು ಬಂದ. ಮುಖ್ಯಸ್ಥರು ನೀರು ಚಿಮುಕಿಸಿ ಎಲೆ ಒರೆಸುತ್ತಾ, ನಿಮ್ಮ ಹೆಸರು ಕಳಿಸುವ ಎಂದು ಯೋಚನೆ ಮಾಡಿದ್ದೇನೆ ಎಂದರು.

ನಾನು ಸಂತೋಷಪಡಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ. "ಸರ್, ಅವಳನ್ನು ನಾವು ಇಲ್ಲಿಗೆ ಯಾಕೆ ಯಾವತ್ತೂ ಕರೆಯಲಿಲ್ಲ?"

ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಕೊಂಕಣಿ ಲೆಕ್ಚರರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ, ಇದರಲ್ಲಿ ಎಂತ ಕೇಳಲಿಕ್ಕುಂಟು ಎನ್ನುವ ಹಾಗೆ ಹೇಳಿದರು.

"ಅವಳಿಗೆಂತ ಮೇಡಂ, ಪರದೆ ಕಟ್ಟಿಸಿಕೊಟ್ಟಿದ್ದೇವಲ್ಲ."

ಅದು ನನ್ನದೇ ಮಾತು. ಆರು ತಿಂಗಳು ಕಂಡಕಂಡವರ ಹತ್ತಿರ ನಾನು ಹೇಳಿಕೊಂಡು ತಿರುಗಿದ ಮಾತು, ಹೆಚ್ಚುಕಡಿಮೆ ಹಾಗೆಯೇ ಅವರ ಬಾಯಲ್ಲಿತ್ತು. ಮಾಣಿ ನನ್ನ ಮುಂದೆ ಎಲೆ ಹಾಸಲು ಬಗ್ಗಿದ. ನನಗೆ ಎಲೆ ಬೇಡ, ನನ್ನ ಊಟ ಹೊತ್ತು ಮುಳುಗುವ ಮೊದಲೇ ಆಗಿದೆ ಎಂದು ಅವನಿಗೆ ಹೇಳಿದೆ.